ವಿಜ್ಞಾನ ಸಂವಹನಕಾರ: ಜೋಡಿಸಿ ಬಳಸುವ ವಿಧಾನ

ಪೆಟ್ಟಿಗೆ ತೆರೆಯುವ ಮುನ್ನ ಓದಿ. ಇದು ಪಿಎಚ್.ಡಿ. ಮಾಡುತ್ತಿರುವವರ ಮತ್ತು ಪೋಸ್ಟ್‌ಡಾಕ್‌ಗಳ ಬಳಕೆಗೆ ಮಾತ್ರ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2018ರಲ್ಲಿ ತಂದ ‘ಅವ್ಸರ್’ ಯೋಜನೆಯಿದು. ನಿಮ್ಮದೇ ಸಂಶೋಧನೆಯನ್ನು ಜನಕ್ಕೆ ತಿಳಿಯುವ ಹಾಗೆ ಬರೆದು ಕಳಿಸಬೇಕು. ಆಗ ಸಾರಿದಂತೆ ಪಿಎಚ್.ಡಿ. ವಿಭಾಗದಲ್ಲಿ ಮೊದಲ ಬಹುಮಾನ 1 ಲಕ್ಷ ರೂಪಾಯಿ, ಆಮೇಲೆ 50 ಸಾವಿರ, 25 ಸಾವಿರ. ಇನ್ನೂ 100 ಲೇಖನಗಳಿಗೆ ತಲಾ 10 ಸಾವಿರ. ಜತೆಗೊಂದು ಪ್ರಶಸ್ತಿಪತ್ರ. ಪೆಟ್ಟಿಗೆಯಲ್ಲಿರುವುದು ಇಷ್ಟೇ. ನೌಕರಿಯನ್ನು ಪ್ರತ್ಯೇಕವಾಗಿ ಹುಡುಕಿಕೊಳ್ಳತಕ್ಕದ್ದು.

ಮೊದಲಿಗೆ ಥೀಸಿಸ್ಸಿನ ಶೀರ್ಷಿಕೆಯನ್ನು ಮನೆಯಲ್ಲಿ ಜೋರಾಗಿ ಓದಿ. ಯಾರಾದರೂ ‘ಊಟಕ್ಕೆ ಬಾ’ ಎಂದರೆ ಶೀರ್ಷಿಕೆ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಥೀಸಿಸ್ಸಿಗೆ ಅದೇ ಇರಲಿ, ಲೇಖನಕ್ಕೆ ಬೇಡ.

ನಿಮ್ಮ ವಿಷಯ ಭತ್ತದ ಬೆಂಕಿ ರೋಗದ ಶಿಲೀಂಧ್ರ ಎಂದಿಟ್ಟುಕೊಳ್ಳೋಣ. ಕೈ ತಾನಾಗಿಯೇ ‘ಜಾಗತಿಕ ಆಹಾರ ಭದ್ರತೆಯ ಹಿನ್ನೆಲೆಯಲ್ಲಿ’ ಎಂದು ಶುರುಮಾಡುತ್ತದೆ. ಕೈ ಹಿಡಿದುಕೊಳ್ಳಿ. ಮಂಡ್ಯದ ದೊಡ್ಡಮ್ಮನಿಗೆ ಆ ರೋಗ ನಿಮಗಿಂತ ಚೆನ್ನಾಗಿ ಗೊತ್ತು. ಎರಡೂ ತುದಿ ಚೂಪಾಗಿ ನಡುವೆ ಬೂದುಬಣ್ಣಕ್ಕೆ ತಿರುಗಿದ ಚುಕ್ಕೆಯನ್ನು ಎಲೆಯ ಮೇಲೆ ಕಂಡೇ ಆ ವರ್ಷದ ಲೆಕ್ಕ ಹಾಕಿದವರು ಅವರು. ಅವರು ಕಾಣದಿರುವುದು ಅದಕ್ಕೂ ಮುಂಚಿನ ಕತೆ. ಎಲೆಯ ಮೇಲೆ ಬಿದ್ದ ಬೀಜಾಣು ಮೊಳೆತು, ಗುಮ್ಮಟದಂಥ ಒಂದು ಕೋಶ ಕಟ್ಟಿಕೊಂಡು, ಅದರೊಳಗೆ ಕಾರಿನ ಟೈರಿನಲ್ಲಿರುವುದರ ಸುಮಾರು 40 ಪಟ್ಟು ಒತ್ತಡ ತುಂಬಿಸಿ, ಎಲೆಯ ಹೊರಪದರವನ್ನು ಚುಚ್ಚಿ ಒಳನುಗ್ಗುತ್ತದೆ! ಇದು ನಿಮ್ಮ ಥೀಸಿಸ್ಸಿನಲ್ಲಿ ಎಲ್ಲಿದೆ ಹುಡುಕಿ. ಮೂರನೇ ಅಧ್ಯಾಯದಲ್ಲಿ, ‘8 ಮೆಗಾಪ್ಯಾಸ್ಕಲ್’ ಎಂಬ ಹೆಸರಿನಲ್ಲಿ ಆವರಣದೊಳಗೆ ಮಲಗಿರುತ್ತದೆ. ಎಬ್ಬಿಸಿ ಮೊದಲ ಸಾಲಿಗೆ ತನ್ನಿ. ಮಿಕ್ಕಿದ್ದರಲ್ಲಿ ಮುಕ್ಕಾಲು ಪಾಲು ಹೊಡೆದುಹಾಕಿ.

ಈ ಹಂತದಲ್ಲಿ ಸದ್ದು ಕೇಳಿಸಿದರೆ ಗಾಬರಿ ಬೇಡ, ಅದು ಗೈಡ್. ಅವರು ‘ಸುಮಾರು’ ಎಂಬಲ್ಲಿ ಕೆಂಪು ಗೀಟು ಎಳೆದು ಮೂರು ‘ಆದರೆ’ಗಳನ್ನು ಸೇರಿಸುತ್ತಾರೆ. ಅವುಗಳಲ್ಲಿ ಒಂದು ನಿಜಕ್ಕೂ ಬೇಕಾದದ್ದು. ಯಾವುದೆಂದು ಗುರುತಿಸಲು ಬಂದರೆ ಅರ್ಧ ಕಸುಬು ಕೈಗೆ ಹತ್ತಿದಂತೆಯೇ.

‘ಅವ್ಸರ್’ನಲ್ಲಿ ಭಾಷೆಯ ಗುಂಡಿ ಎರಡೇ ಕಡೆ ತಿರುಗುತ್ತದೆ: ಇಂಗ್ಲಿಷ್, ಹಿಂದಿ. ದೊಡ್ಡಮ್ಮನಿಗೆಂದು ಬರೆದದ್ದನ್ನು ದೊಡ್ಡಮ್ಮ ಓದುವಂತಿಲ್ಲ. ಇದು ತಯಾರಿಕೆಯಲ್ಲೇ ಇರುವ ದೋಷ, ರಿಪೇರಿ ಬಳಕೆದಾರರದೇ. ಫಲಿತಾಂಶ ಏನೇ ಬರಲಿ, ಕನ್ನಡದಲ್ಲಿ ಹೊಸದಾಗಿ ಬರೆದು ಪತ್ರಿಕೆಗೆ ಕಳಿಸಿ. ಅನುವಾದ ಮಾಡಲು ಹೋಗಬೇಡಿ, ‘ಮಾಡಲ್ಪಟ್ಟಿತು’ಗಳು ಹಿಂಬಾಗಿಲಿನಿಂದ ಬರುತ್ತವೆ.

‘ಇದರಲ್ಲಿ ಹೊಟ್ಟೆ ತುಂಬುತ್ತದೆಯೇ?’ ಎಂದು ಅಪ್ಪ ಕೇಳಿದಾಗ ಕೊಡಬೇಕಾದ ಉತ್ತರ: 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ತಂದವರಲ್ಲಿ ಒಬ್ಬರಾದ ಬೆಳ್ಳಾವೆ ವೆಂಕಟನಾರಣಪ್ಪನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದರು. ಸಂಬಳ ಕಾಲೇಜಿನದು, ಶ್ರಮ ಪತ್ರಿಕೆಗೆ. ಈ ಮಾದರಿ ಇಂದಿಗೂ ಚಾಲ್ತಿಯಲ್ಲಿದೆ. ಬಿಡಿಭಾಗಗಳು ಎಲ್ಲೆಡೆ ಸಿಗುತ್ತವೆ.

ಕೊನೆಯ ಎಚ್ಚರಿಕೆ: 10 ಸಾವಿರ ಬಂದ ಸುದ್ದಿ ಕೇಳಿ ಇಡೀ ಲ್ಯಾಬು ಪಾರ್ಟಿ ಕೇಳುತ್ತದೆ. 9 ಸಾವಿರದೊಳಗೆ ಮುಗಿಸಿ.