ಡಿಸ್ಕಿನ ಇಮೇಜು, ಮನೆಯಲ್ಲಿ ಡ್ಯಾಮೇಜು

ಕಂಪ್ಯೂಟರ್ ಇಟ್ಟುಕೊಂಡ ಗೃಹಸ್ಥರಲ್ಲಿ ಮೂರು ದರ್ಜೆಗಳಿವೆ. ಬ್ಯಾಕಪ್ ಎಂದರೇನೆಂದೇ ತಿಳಿಯದೆ ನೆಮ್ಮದಿಯಾಗಿರುವವರು ಮೊದಲನೆಯವರು. ಬೇಕಾದ ನಾಲ್ಕು ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿ, ಆ ಪೆನ್‌ಡ್ರೈವನ್ನು ಎಲ್ಲಿಟ್ಟೆವೆಂದು ಮರೆಯುವವರು ಎರಡನೆಯವರು. ಇಡೀ ಡಿಸ್ಕನ್ನೇ ತಲೆಯಿಂದ ಬಾಲದವರೆಗೆ ಒಂದು ಇಮೇಜಾಗಿ ಎತ್ತಿಟ್ಟುಕೊಳ್ಳುವವರು ಮೂರನೆಯವರು. ಬ್ಯಾಂಕಿನಲ್ಲಿ ಇಡೀ ಸರ್ವಿಸು ಕಾದರೂ ಸಿಗದಿದ್ದ ಬಡ್ತಿಯನ್ನು ನಾನು ನಿವೃತ್ತಿಯಾದ ಮೇಲೆ ಮನೆಯಲ್ಲೇ ಕೂತು ಪಡೆದುಕೊಂಡೆ. ಎರಡನೇ ದರ್ಜೆಯಿಂದ ಮೂರನೆಯದಕ್ಕೆ ಏರಿದೆ.

ಏರಲು ಕಾರಣ ಕನ್ನಡ. ನನ್ನ ಹಳೆಯ ಬರಹಗಳೆಲ್ಲ ಯೂನಿಕೋಡ್ ಮನೆಮಾತಾಗುವ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿವೆ. ಆ ಕಾಲದ ಫೈಲಿನೊಳಗೆ ಕನ್ನಡ ಅಕ್ಷರ ಇರುವುದಿಲ್ಲ. ಇರುವುದು ಪರಭಾಷೆಯ ಅಕ್ಷರ. ಅದಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು. ಒಂದು ಪ್ರಬಂಧವನ್ನು ಮಗಳ ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ತಲೆಗೆ ಟೋಪಿ, ಕೆಳಗೆ ಬಾಲ ಅಂಟಿಸಿಕೊಂಡ ಇಂಗ್ಲಿಷ್ ಅಕ್ಷರಗಳ ದಂಡೇ ಸಾಲಾಗಿ ನಿಂತಿತ್ತು. "ಅಪ್ಪಾ, ಯಾವಾಗ ಫ್ರೆಂಚ್ ಕಲಿತೆ?" ಎಂದಳು ಮಗಳು.

ನನ್ನ ತಂಗಿಯ ಮಗ ಕಂಪ್ಯೂಟರ್ ಬಲ್ಲವನು. ಅವನು ಎರಡು ದಾರಿ ಹೇಳಿದ. "ಎಲ್ಲಾ ಫೈಲೂ ಯೂನಿಕೋಡಿಗೆ ಪರಿವರ್ತಿಸಿಬಿಡಿ ಮಾವ, ಅದಕ್ಕೆ ಉಚಿತ ತಂತ್ರಾಂಶ ಇದೆ" ಎಂಬುದು ಮೊದಲನೆಯದು. ಅದು ಒಂದು ಮಧ್ಯಾಹ್ನದ ಕೆಲಸವಾದ್ದರಿಂದ ನನ್ನ ಘನತೆಗೆ ತಕ್ಕದ್ದೆನಿಸಲಿಲ್ಲ. ಎರಡನೆಯದು ಡಿಸ್ಕ್ ಇಮೇಜು. "ಫೈಲು ಕಾಪಿ ಮಾಡಿದ್ರೆ ಫೈಲಷ್ಟೇ ಬರತ್ತೆ. ಇಮೇಜ್ ತೆಗೆದ್ರೆ ವಿಂಡೋಸು, ಫಾಂಟು, ಪ್ರಿಂಟರ್ ಸೆಟ್ಟಿಂಗು, ಬೂಟ್ ಆಗೋ ಭಾಗ ಎಲ್ಲಾ ಇದ್ದ ಹಾಗೇ ಬರತ್ತೆ. ನಾಳೆ ಡಿಸ್ಕ್ ಸತ್ರೂ, ಹೊಸಾ ಡಿಸ್ಕಿಗೆ ಅದನ್ನ ಇಳಿಸಿದ್ರೆ ಅದೇ ಕಂಪ್ಯೂಟರ್ ಎದ್ದು ಕೂರತ್ತೆ." ಎದ್ದು ಕೂರುವುದು ನನಗೆ ಹಿಡಿಸಿತು.

ಇಮೇಜ್ ಇಡಲು ಡಿಸ್ಕ್ ಬೇಕಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 1 ಟಿಬಿಯದೊಂದನ್ನು ತಂದೆ. ಮನೆಗೆ ಬಂದು ಚುಚ್ಚಿದರೆ ವಿಂಡೋಸ್ 931 ಜಿಬಿ ಎಂದಿತು. ಕ್ಯಾಶ್ ಕೌಂಟರಿನಲ್ಲಿ ಹತ್ತು ರೂಪಾಯಿ ಕಡಿಮೆ ಬಂದರೆ ರಾತ್ರಿಯವರೆಗೆ ಲೆಕ್ಕ ಹುಡುಕಿದ ಜೀವ ಇದು, 69 ಜಿಬಿ ಬಿಟ್ಟೀತೇ? ಮರುದಿನವೇ ಅಂಗಡಿಯ ಮುಂದೆ ನಿಂತೆ. ಅಂಗಡಿಯ ಹುಡುಗ ತಾಳ್ಮೆಯಿಂದ ವಿವರಿಸಿದ: "ಸಾರ್, ತಯಾರಿಸೋರು ಸಾವಿರಕ್ಕೆ ಸಾವಿರ ಅಂತ ಲೆಕ್ಕ ಹಾಕ್ತಾರೆ, ವಿಂಡೋಸು ಸಾವಿರದ ಇಪ್ಪತ್ತನಾಲ್ಕು ಅಂತ ಹಾಕತ್ತೆ. ಡಿಸ್ಕಲ್ಲಿ ಒಂದು ಲಕ್ಷ ಕೋಟಿ ಬೈಟು ಪೂರ್ತಿ ಇದೆ." ಹಿಂದೆ ಕೊಡುವಾಗ ಒಂದು ಸೇರು, ಕೊಳ್ಳುವಾಗ ಒಂದು ಸೇರು ಇಟ್ಟಿದ್ದ ಶೆಟ್ಟರ ಅಂಗಡಿಯ ಲೆಕ್ಕವೇ ಇದು. ಸುಮ್ಮನೆ ಬಂದೆ. ಬಸ್ಸಿನ ಚಾರ್ಜು ಮಾತ್ರ ಯಾವ ಲೆಕ್ಕಕ್ಕೂ ಸೇರಲಿಲ್ಲ.

ತಂತ್ರಾಂಶ ಕ್ಲೋನ್‌ಜಿಲ್ಲಾ. ತೈವಾನಿನ ಒಂದು ರಾಷ್ಟ್ರೀಯ ಕಂಪ್ಯೂಟಿಂಗ್ ಕೇಂದ್ರದಲ್ಲಿ ಹುಟ್ಟಿದ್ದು, ಪೂರ್ತಿ ಉಚಿತ. ಪೆನ್‌ಡ್ರೈವಿನಿಂದ ಅದನ್ನು ಎಬ್ಬಿಸಿದರೆ ವಿಂಡೋಸ್ ಮಲಗಿರುತ್ತದೆ, ಮೌಸು ಉಪಯೋಗಕ್ಕಿಲ್ಲ. ಬಾಣದ ಕೀಲಿ ಒತ್ತುತ್ತಾ ಒಂದಾದ ಮೇಲೊಂದು ಪ್ರಶ್ನೆಗೆ ಉತ್ತರ ಕೊಡಬೇಕು. ಯಾವ ಡಿಸ್ಕಿನಿಂದ, ಯಾವ ಡಿಸ್ಕಿಗೆ ಎಂಬುದು ಇಲ್ಲಿನ ಜೀವನ್ಮರಣದ ಪ್ರಶ್ನೆ. ಅದಲುಬದಲಾದರೆ ಇರುವುದೂ ಹೋಗುತ್ತದೆ. ನಾನು ಅದಲುಬದಲು ಮಾಡಲಿಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ: ಮುಂದೆ ನಮ್ಮ ಮನೆಯಲ್ಲಿ ಆದದ್ದೆಲ್ಲ ಎಲ್ಲವೂ ಸರಿಯಾಗಿ ನಡೆದದ್ದರಿಂದಲೇ ಆದದ್ದು.

ಮಾಮೂಲಿಯಾಗಿ ಕ್ಲೋನ್‌ಜಿಲ್ಲಾ ಡಿಸ್ಕಿನಲ್ಲಿ ಬಳಕೆಯಾದ ಜಾಗವನ್ನಷ್ಟೇ ನಕಲು ಮಾಡುತ್ತದೆ. ಖಾಲಿ ಜಾಗವನ್ನು ನಕಲು ಮಾಡಿ ಯಾರಿಗೇನು ಲಾಭ? ಆದರೆ ತಜ್ಞರಿಗಾಗಿ ಬೇರೆಯೇ ಮೆನು ಇದೆ. ಅಲ್ಲಿ ಹೋದರೆ ಖಾಲಿ ಇರಲಿ, ತುಂಬಿರಲಿ, ಒಂದು ಸೆಕ್ಟರನ್ನೂ ಬಿಡದೆ ಎತ್ತು ಎನ್ನಬಹುದು. ಆರಂಭಿಕರು, ತಜ್ಞರು ಎಂದು ಎರಡು ಬಾಗಿಲು ತೋರಿಸಿದರೆ ನಿವೃತ್ತ ಬ್ಯಾಂಕ್ ಅಧಿಕಾರಿ ಯಾವುದರಲ್ಲಿ ನುಗ್ಗುತ್ತಾನೆಂದು ಬೇರೆ ಹೇಳಬೇಕಿಲ್ಲ. ಪೂರ್ಣ ಎಂದರೆ ಪೂರ್ಣ. ಶೂನ್ಯವನ್ನೂ ಬಿಡಬಾರದು.

ಮುಹೂರ್ತ ಆಯುಧಪೂಜೆಯ ರಾತ್ರಿ. ಕಂಪ್ಯೂಟರಿಗೆ ಬೆಳಿಗ್ಗೆ ಹಚ್ಚಿದ ಕುಂಕುಮ ಇನ್ನೂ ಇತ್ತು, ಹೊಸ ಡಿಸ್ಕಿನ ಮೇಲೊಂದು ಸೇವಂತಿಗೆಯೂ ಇತ್ತು. ನಮ್ಮ ಹಳೆಯ ಪೆಟ್ಟಿಗೆಗೆ ಇರುವುದು ಯುಎಸ್‌ಬಿ 2.0. ಕಾಗದದ ಮೇಲೆ ಅದರ ವೇಗ ಸೆಕೆಂಡಿಗೆ 480 ಮೆಗಾಬಿಟ್. ನಿಜದಲ್ಲಿ 30 ಮೆಗಾಬೈಟ್ ಬಂದರೆ ಪುಣ್ಯ. 500 ಜಿಬಿ ಡಿಸ್ಕಿಗೆ ಲೆಕ್ಕ ಹಾಕಿದರೆ ನಾಲ್ಕೂವರೆ ಗಂಟೆಗೂ ಮೇಲೆ. ನಡುರಾತ್ರಿಗೆ ಕರೆಂಟು ಹೋಯಿತು. ಯುಪಿಎಸ್ ಕಿರುಚಲು ಶುರುಮಾಡಿತು. ಎದುರು ಮನೆಯವರು ದೀಪ ಹಚ್ಚಿದರು, ಬೀದಿ ನಾಯಿಗಳು ದನಿಗೂಡಿಸಿದವು. ಯುಪಿಎಸ್ ಸುಸ್ತಾಗಿ ಮಲಗಿತು, ಇಮೇಜೂ ಮಲಗಿತು. ಕರೆಂಟು ಬಂದ ಮೇಲೆ ಮೊದಲಿನಿಂದ ಶುರು.

"ರೀ, ಆ ಡಬ್ಬ ಇನ್ನೂ ಎದ್ದಿಲ್ವಾ? ನನಗೆ ಟೈಪ್ ಮಾಡೋದಿದೆ" ಎಂದಳು ನನ್ನಾಕೆ ಬೆಳಿಗ್ಗೆ.

"ಮುಟ್ಟಬೇಡ ಕಣೇ, ಇಮೇಜ್ ಆಗ್ತಿದೆ" ಎಂದೆ.

"ಯಾರದ್ದು?"

ಅಂತೂ ಮುಗಿಯಿತು. ಆ ಡಿಸ್ಕನ್ನು ಬೀರುವಿನಲ್ಲಿ ಅವಳ ರೇಷ್ಮೆ ಸೀರೆಗಳ ನಡುವೆ ಇಟ್ಟು, ಪಾರ್ಕಿನಲ್ಲಿ ನನ್ನ ಪ್ರವಚನ ಆರಂಭಿಸಿದೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಸೂತ್ರವನ್ನು ವಾಕಿಂಗ್ ಗೆಳೆಯರಿಗೆಲ್ಲ ಬೋಧಿಸಿದೆ: ಮೂರು ಪ್ರತಿ ಇರಬೇಕು, ಎರಡು ಬಗೆಯ ಮಾಧ್ಯಮದಲ್ಲಿರಬೇಕು, ಒಂದು ಮನೆಯಿಂದ ಹೊರಗಿರಬೇಕು. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ಯಾರೋ ಕೊಟ್ಟ ಒಂದು ಅಳಿಸುವ ಆದೇಶಕ್ಕೆ 'ಟಾಯ್ ಸ್ಟೋರಿ 2' ಚಿತ್ರದ ಬಹುಪಾಲು ಮಾಯವಾದದ್ದು, ಅವರ ಬ್ಯಾಕಪ್ ಕೈಕೊಟ್ಟದ್ದು, ಹಸುಗೂಸಿನ ತಾಯಿಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್‌ಮನ್ ಅವರ ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ ಚಿತ್ರ ಉಳಿದದ್ದು, ಎಲ್ಲವನ್ನೂ ಅಭಿನಯಸಹಿತ ಹೇಳಿದೆ.

ಅಲ್ಲೊಬ್ಬರು ನಿವೃತ್ತ ಇಂಜಿನಿಯರು. ಅವರು ತಣ್ಣಗೆ ಕೇಳಿದರು: "ನಿಮ್ಮದನ್ನ ವಾಪಸ್ ಇಳಿಸಿ ನೋಡಿದೀರಾ? ಇಳಿಸಿ ನೋಡದ ಬ್ಯಾಕಪ್ಪು ಬ್ಯಾಕಪ್ಪೇ ಅಲ್ಲ." 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ ಮಾಹಿತಿ ಅಳಿಸಿಹೋದಾಗ ಐದು ಬಗೆಯ ಬ್ಯಾಕಪ್ ವ್ಯವಸ್ಥೆಗಳಲ್ಲಿ ಒಂದೂ ನೆಚ್ಚುವಂತಿರಲಿಲ್ಲವಂತೆ, ಆರು ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ನಕಲು ಕಾಪಾಡಿತಂತೆ. ಅವರು ಹೇಳಿದ್ದು ನೂರಕ್ಕೆ ನೂರು ಸತ್ಯ. ಸತ್ಯ ನನ್ನ ಕಿವಿಗೆ ಬಿದ್ದರೆ ಅಪಾಯ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ, ನನ್ನಾಕೆ ಮಹಿಳಾ ಸಮಾಜದ ಸಭೆಗೆ ಹೋಗಿದ್ದಾಗ, ಸೀರೆಗಳ ನಡುವಿನಿಂದ ಡಿಸ್ಕ್ ತೆಗೆದೆ. ಇಮೇಜನ್ನು ಅದೇ ಕಂಪ್ಯೂಟರಿನ ಅದೇ ಡಿಸ್ಕಿಗೆ ಇಳಿಸಲು ಹೊರಟೆ. ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕ್ಲೋನ್‌ಜಿಲ್ಲಾ ಕೇಳಿತು. ಹೂಂ ಎಂದೆ. ಸಭ್ಯ ತಂತ್ರಾಂಶ ಅದು. ಇನ್ನೊಮ್ಮೆ ಕೇಳುತ್ತಿದ್ದೇನೆ, ಖಚಿತವೇ ಎಂದಿತು. ನನ್ನನ್ನು ಎರಡೆರಡು ಸಲ ಕೇಳುವ ಹಕ್ಕು ಈ ಮನೆಯಲ್ಲಿ ಒಬ್ಬರಿಗೆ ಮಾತ್ರ ಇರುವುದರಿಂದ ಸಿಟ್ಟಿನಿಂದಲೇ ವೈ ಒತ್ತಿದೆ.

ಸಂಜೆಗೆ ಕಂಪ್ಯೂಟರ್ ಎದ್ದು ಕೂತಿತು! ನುಡಿ ಇದೆ, ಬರಹ ಇದೆ, ಪ್ರಬಂಧಗಳು ಅಚ್ಚ ಕನ್ನಡದಲ್ಲೇ ಇವೆ. ಪ್ರಿಂಟರು ಕೂಡ ಹಳೆಯ ಮುನಿಸನ್ನೇ ಮುಂದುವರಿಸಿತ್ತು. ಅಣುರೇಣುವೂ ಆಯುಧಪೂಜೆಯ ದಿನ ಇದ್ದ ಹಾಗೇ ಇತ್ತು. ಇಂಜಿನಿಯರಿಗೆ ಫೋನ್ ಮಾಡಿ ಜಯಭೇರಿ ಬಾರಿಸಿದೆ.

"ರೀ, ನನ್ನ ಸ್ಮರಣ ಸಂಚಿಕೆ ಎಲ್ಲಿ?"

ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆಂದು ಕಾರ್ಯದರ್ಶಿಯಾದ ಅವಳು ದಸರಾ ಮುಗಿದಾಗಿನಿಂದ ಕೂತು ಟೈಪ್ ಮಾಡಿದ್ದ ಲೇಖನಗಳು, ವರದಿಗಳು, ಜಾಹೀರಾತಿನ ಲೆಕ್ಕ ಒಂದೂ ಇರಲಿಲ್ಲ. ಆಯುಧಪೂಜೆಯ ದಿನ ಅವು ಹುಟ್ಟೇ ಇರಲಿಲ್ಲವಲ್ಲ. "ಕಂಪ್ಯೂಟರ್ ಈಗ ಅಕ್ಟೋಬರಿಗೆ ಹೋಗಿದೆ ಕಣೇ" ಎಂದು ವಿವರಿಸಿದೆ. "ಹಾಗಿದ್ರೆ ದೀಪಾವಳಿಗೆ ಕೊಡಿಸ್ತೀನಿ ಅಂದಿದ್ದ ಸೀರೆಗೆ ಇನ್ನೂ ಟೈಮಿದೆ ಅನ್ನಿ" ಎಂದಳು.

ತಂಗಿಯ ಮಗನಿಗೆ ಮೊರೆಯಿಟ್ಟೆ. "ಬಳಸಿದ ಜಾಗ ಮಾತ್ರ ಇಳಿಸಿದ್ದಿದ್ರೆ, ಖಾಲಿ ಜಾಗದಲ್ಲಿ ಅತ್ತೆಯ ಫೈಲಿನ ಅವಶೇಷ ಹುಡುಕಬಹುದಿತ್ತು ಮಾವ. ನೀವು ಖಾಲಿ ಜಾಗದ ಮೇಲೂ ಹಳೇ ಖಾಲಿ ಜಾಗ ಬರೆಸಿದೀರಿ. ಪಕ್ಕಾ ಕೆಲಸ" ಎಂದ. ನಾನು ಆರಿಸಿದ ತಜ್ಞರ ಬಾಗಿಲು ಹೊರಗಿನಿಂದ ಚಿಲಕ ಹಾಕಿಕೊಂಡಿತ್ತು.

ಸಂಚಿಕೆಯೇನೋ ಸಮಯಕ್ಕೆ ಸರಿಯಾಗಿ ಹೊರಬಂತು. ನನ್ನಾಕೆ ಒಂದೊಂದು ಲೇಖನ ಮುಗಿದಂತೆ ಪ್ರೆಸ್ಸಿಗೆ ಇ-ಮೇಲ್ ಮಾಡಿದ್ದಳು. ಅದಕ್ಕೂ ಮೊದಲು ಎಲ್ಲವನ್ನೂ ದಪ್ಪ ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರೆದಿಟ್ಟಿದ್ದಳು. ಕಂಪ್ಯೂಟರಿನಲ್ಲೊಂದು, ನೋಟ್‌ಬುಕ್ಕಿನಲ್ಲೊಂದು, ಪ್ರೆಸ್ಸಿನಲ್ಲೊಂದು: ಮೂರು ಪ್ರತಿ, ಎರಡು ಮಾಧ್ಯಮ, ಒಂದು ಮನೆಯ ಹೊರಗೆ. ಪೀಟರ್ ಕ್ರೋಗರ ಹೆಸರು ಕೇಳದವಳೇ ಸೂತ್ರ ಪಾಲಿಸಿದ್ದಳು. ಪಾರ್ಕಿನಲ್ಲಿ ಬೋಧಿಸಿದವನ ಬಳಿ ಇದ್ದದ್ದು ಸೀರೆಗಳ ನಡುವಿನ ಒಂದೇ ಡಿಸ್ಕು.

ಓದುಗರಲ್ಲಿ ಅರಿಕೆ ಇಷ್ಟೇ. ಇಮೇಜ್ ತೆಗೆಯಿರಿ, ಅದು ಒಳ್ಳೆಯ ಕೆಲಸ. ಆದರೆ ಅದು ಒಂದು ದಿನದ ಚಿತ್ರ ಮಾತ್ರ, ದಿನದಿನದ ಫೈಲುಗಳಿಗೆ ಬೇರೆ ನಕಲು ಇರಲಿ. ಹಳೆಯ ಫಾಂಟಿನ ಬರಹಗಳನ್ನು ಯೂನಿಕೋಡಿಗೆ ಪರಿವರ್ತಿಸಿ. ಇಮೇಜನ್ನು ಪರೀಕ್ಷಿಸಲೇಬೇಕು, ಆದರೆ ಬೇರೊಂದು ಡಿಸ್ಕಿನ ಮೇಲೆ. ಇರುವ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ. ಎರಡನೇ ಸಲ ವೈ ಒತ್ತುವ ಮೊದಲು ಮನೆಯವರನ್ನು ಕೇಳಿ. ಮಾರ್ಚ್ 31 ವಿಶ್ವ ಬ್ಯಾಕಪ್ ದಿನ, ಇಮೇಜ್ ತೆಗೆಯುವವರಿಗೆ ಅದು ಪ್ರಶಸ್ತ. ಅದನ್ನು ಹಳೆಯ ಡಿಸ್ಕಿನ ಮೇಲೇ ಇಳಿಸಿ ನೋಡುವ ನನ್ನಂಥವರಿಗೆ ಮರುದಿನ ಮೀಸಲಿದೆ.