ವೇಳಾಪಟ್ಟಿ ಸಾಹೇಬರಿಗೆ ಒಂದು ಬಿನ್ನಹ

ಸಕಲ ಪ್ರೌಢಶಾಲೆಗಳ ಗೋಡೆಗಳನ್ನು ಅಲಂಕರಿಸಿರುವ ಮಹಾರಾಜಶ್ರೀ ವೇಳಾಪಟ್ಟಿಯವರ ಸನ್ನಿಧಾನಕ್ಕೆ,

ನಾಗಪುರ ಜಿಲ್ಲೆಯ ಮೌದಾದಿಂದ ಒಬ್ಬ ಕನ್ನಡಿಗ ಪಾಲಕ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮೊನ್ನೆ ಪಾಲಕರ ಸಭೆಗೆ ಹೋದಾಗ ತಮ್ಮ ದರ್ಶನಭಾಗ್ಯ ಸಿಕ್ಕಿತು. ಗುರುವಾರದ ಏಳನೇ ಪೀರಿಯಡ್ಡಿನ ಮನೆಯಲ್ಲಿ ಹಸಿರು ಸ್ಕೆಚ್‌ಪೆನ್ನಿನಿಂದ ‘ಕಲೆ: ನಾಟಕ’ ಎಂದು ಬರೆದದ್ದನ್ನು ಓದಿ ಪುಳಕಗೊಂಡೆ. ಮನೆಗೆ ಬಂದವನೇ ಒಂಬತ್ತನೇ ತರಗತಿಯ ಮಗಳನ್ನು ಕೇಳಿದೆ: “ಈ ಗುರುವಾರ ನಾಟಕದಾಗ ಏನು ಮಾಡಿಸಿದರವ್ವಾ?”

“ಹೆರಾನ್‌ನ ಸೂತ್ರ, ಪಪ್ಪಾ.”

“ಅದಕ್ಕೂ ಮೊದಲಿನ ವಾರ?”

“ಅದರ ಉಳಿದ ಲೆಕ್ಕ.”

ಆಗಲೇ ನನಗೆ ಜ್ಞಾನೋದಯವಾಯಿತು. ಇಡೀ ಶಾಲೆಯಲ್ಲಿ ನಾಟಕ ಕಲಿತವರು ತಾವೊಬ್ಬರೇ. ಬಣ್ಣ ಹಚ್ಚದೆ, ಪರದೆ ಎಳೆಯದೆ, ಗೋಡೆಯ ಮೇಲೆ ನಾಟಕವಾಗಿ, ತರಗತಿಯೊಳಗೆ ಗಣಿತವಾಗಿ, ಒಂದೇ ಗಂಟೆಗೆ ಎರಡು ವೇಷ ಕಟ್ಟುವ ತಮ್ಮ ಮುಂದೆ ಗುಬ್ಬಿ ಕಂಪನಿಯವರೂ ಕೈಕಟ್ಟಿ ನಿಲ್ಲಬೇಕು.

ತಮ್ಮ ವಿಧೇಯತೆಯೇನು ಸಾಮಾನ್ಯವೇ? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲಾ ಶಿಕ್ಷಣ ಕಡ್ಡಾಯವಾಗಬೇಕು, ಸಂಗೀತ, ನೃತ್ಯ, ಚಿತ್ರಕಲೆಯ ಜೊತೆಗೆ ರಂಗಕಲೆಯೂ ಇರಬೇಕು ಎಂದಿತು. 2019ರಲ್ಲಿ ಸಿಬಿಎಸ್‌ಇ, ವಾರಕ್ಕೆ ಎರಡು ಪೀರಿಯಡ್ಡಾದರೂ ಕಲೆಗೆ ಕೊಡಿ ಎಂದು ಸುತ್ತೋಲೆ ಹೊರಡಿಸಿತು. ತಾವು ಮರುಮಾತಿಲ್ಲದೆ ಕೊಟ್ಟಿರಿ. ಕೊಟ್ಟದ್ದನ್ನು ಗಣಿತದ ಸರ್ ಇಸಿದುಕೊಂಡರೆ ಅದು ತಮ್ಮ ತಪ್ಪಲ್ಲ. ಪೋರ್ಷನ್ ಮುಗಿಯಬೇಕಲ್ಲ!

ಕರ್ನಾಟಕದಲ್ಲಿರುವ ತಮ್ಮ ಸೋದರರ ಕೀರ್ತಿಯೂ ನನ್ನ ಕಿವಿಗೆ ಬಿದ್ದಿದೆ. 1980ರಲ್ಲಿ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್ ರಂಗಶಿಕ್ಷಣ ಕೇಂದ್ರ ತೆರೆದರು. ಹಾಗೆ ರಂಗಶಿಕ್ಷಣ ಪಡೆದವರಲ್ಲಿ ಬೆರಳೆಣಿಕೆಯಷ್ಟು ಜನರನ್ನು ಸರ್ಕಾರ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರೆಂದೇ ನೇಮಿಸಿತು. ಉಳಿದ ಸಾವಿರಾರು ಶಾಲೆಗಳಿಗೆ ಅಂಥ ಗಂಡಾಂತರ ಒದಗಲಿಲ್ಲ.

ಧಾರವಾಡದಲ್ಲಿ ನನ್ನ ಅಕ್ಕನ ಮಗ ಹತ್ತನೇ ತರಗತಿಯಲ್ಲಿ ಪು.ತಿ.ನ. ಅವರ ‘ಶಬರಿ’ ಓದಿದ. ಅದು ಗೀತನಾಟಕ, ಪುಸ್ತಕದಲ್ಲಿ ಗದ್ಯಪಾಠ. ಫೋನಿನಲ್ಲಿ ಒಂದೇ ಉಸಿರಿಗೆ ಒಪ್ಪಿಸಿದ: ಆಯ್ಕೆ, ಸಂದರ್ಭ, ಸ್ವಾರಸ್ಯ. ಯಾರು ಯಾರಿಗೆ ಹೇಳಿದರು ಎಂಬುದೂ ಬಾಯಿಪಾಠ. “ಎದ್ದು ನಿಂತು ಶಬರಿ ಕಾಯೋದನ್ನ ತೋರಿಸು ನೋಡೋಣ” ಎಂದೆ. “ಅದು ಪರೀಕ್ಷೆಗೆ ಬರೂದಿಲ್ಲ ಮಾಮಾ” ಎಂದ.

ಬರುವುದಿಲ್ಲ, ನಿಜ. ವರ್ಷಗಟ್ಟಲೆ ಕಾದದ್ದನ್ನು ಎರಡು ನಿಮಿಷದಲ್ಲಿ ತೋರಿಸುವುದು ಹೇಗೆ? ಕಣ್ಣು ದಾರಿಯ ಮೇಲಿರಬೇಕೋ, ಹಣ್ಣಿನ ಮೇಲೋ? ಪ್ರತಿದಿನವೂ ಗುಡಿಸುವ ಅಂಗಳವನ್ನು ಗುಡಿಸುವ ಕೈಗೂ, ಇವತ್ತು ಬಂದೇ ಬರುತ್ತಾನೆಂದು ಗುಡಿಸುವ ಕೈಗೂ ಏನು ವ್ಯತ್ಯಾಸ? ರಾಮ ಒಳಗೆ ಬಂದ ಕ್ಷಣ ಮಾತಾಡಬೇಕೋ, ಮಾತು ಹೊರಡದೆ ನಿಲ್ಲಬೇಕೋ? ಇದನ್ನೆಲ್ಲ ಹದಿನೈದರ ಹುಡುಗ ಯೋಚಿಸಲು ಕುಳಿತರೆ ಪೀರಿಯಡ್ಡು ಮುಗಿದೇ ಹೋಗುತ್ತದೆ, ಅಂಕವೂ ಬರುವುದಿಲ್ಲ. ಮೇಲಾಗಿ ಪಕ್ಕದವನ ಮಾತು ಮುಗಿಯುವವರೆಗೆ ಬಾಯಿ ಮುಚ್ಚಿ ಕೇಳಿಸಿಕೊಳ್ಳುವ ಚಟ ಹತ್ತಿಬಿಟ್ಟರೆ, ಆ ಹುಡುಗ ಮುಂದೆ ಟಿ.ವಿ. ಚರ್ಚೆಗೂ ಲಾಯಕ್ಕಾಗುವುದಿಲ್ಲ.

ಆದರೆ ಎಚ್ಚರ, ಸಾಹೇಬರೇ. ತಮ್ಮ ಸುತ್ತಮುತ್ತ ಅಪಾಯವಿದೆ. ಮೌದಾದಿಂದ ಪೂರ್ವಕ್ಕೆ ಹೆದ್ದಾರಿ ಹಿಡಿದರೆ ಭಂಡಾರಾ. ಭಂಡಾರಾ, ಗೋಂದಿಯಾ, ಚಂದ್ರಪುರ, ಗಡಚಿರೋಲಿ ಎಂದರೆ ಝಾಡಿಪಟ್ಟಿ ರಂಗಭೂಮಿಯ ಸೀಮೆ. ಭತ್ತದ ಸುಗ್ಗಿ ಮುಗಿದ ಮೇಲೆ ಅಲ್ಲಿನ ಊರುಗಳಲ್ಲಿ ರಾತ್ರಿಯಿಡೀ ನಾಟಕ. ರೈತಾಪಿ ಜನ ಟಿಕೆಟ್ ಕೊಟ್ಟು ಬೆಳಗಿನವರೆಗೂ ಕೂತಿರುತ್ತಾರೆ. ಅಲ್ಲಿನ ಕಲಾವಿದ ಪರಶುರಾಮ ಖುಣೆಯವರಿಗೆ 2023ರಲ್ಲಿ ಪದ್ಮಶ್ರೀ ಕೊಟ್ಟುಬಿಟ್ಟಿದ್ದಾರೆ. ಮಕ್ಕಳ ಕಿವಿಗೆ ಈ ಸುದ್ದಿ ಬೀಳದಂತೆ ಏಳನೇ ಪೀರಿಯಡ್ಡನ್ನು ಭದ್ರವಾಗಿ ಕಾಯಬೇಕು.

ಇನ್ನೊಂದು ಗುಟ್ಟು. ನಮ್ಮ ಉತ್ತರ ಕನ್ನಡದ ಕಡೆಯ ಮೇಳವೊಂದು ಸಾಂಗ್ಲಿಯ ದೊರೆಯ ಮುಂದೆ ಆಟವಾಡಿದ್ದನ್ನು ನೋಡಿಯೇ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರಂತೆ. ಮರಾಠಿ ರಂಗಭೂಮಿಯ ಲೆಕ್ಕ ಶುರುವಾಗುವುದು ಅಲ್ಲಿಂದ. ಆ ದಿನ ಸಾಂಗ್ಲಿಯಲ್ಲಿ ತಾವಿದ್ದಿದ್ದರೆ ದೊರೆಗೆ ಹೆರಾನ್‌ನ ಸೂತ್ರ ಕಲಿಸಿ ಅನಾಹುತ ತಪ್ಪಿಸುತ್ತಿದ್ದಿರಿ.

ಹಾಗೆಂದು ಶಾಲೆಯಲ್ಲಿ ನಾಟಕವೇ ಇಲ್ಲ ಎಂದರೆ ಬಾಯಿಗೆ ಹುಳ ಬಿದ್ದೀತು. ಡಿಸೆಂಬರಿನಲ್ಲಿ ಗ್ಯಾದರಿಂಗ್ ಇದೆಯಲ್ಲ! ಸಂಭಾಷಣೆಯನ್ನು ಮೊದಲೇ ಧ್ವನಿಮುದ್ರಿಸಿ ಸ್ಪೀಕರಿನಲ್ಲಿ ಬಿಡುತ್ತಾರೆ. ಮಕ್ಕಳು ಬಾಯಾಡಿಸಿದರೆ ಸಾಕು. ಹೋದ ವರ್ಷ ಕರೆಂಟ್ ಹೋಯಿತು. 2320 ಮೆಗಾವಾಟಿನ ಶಾಖೋತ್ಪನ್ನ ಸ್ಥಾವರ ಇರುವ ಊರಿನಲ್ಲಿ! ಶಿವಾಜಿ ಮಹಾರಾಜರು ಕತ್ತಿ ಎತ್ತಿದವರು ಎತ್ತಿದಂತೆಯೇ ನಿಂತರು. ಮುಂದಿನ ಮಾತು ಮಹಾರಾಜರಿಗೂ ಗೊತ್ತಿರಲಿಲ್ಲ, ಔರಂಗಜೇಬನಿಗೂ ಗೊತ್ತಿರಲಿಲ್ಲ. ಕೊನೆಗೆ ಪರದೆ ಎಳೆಯುವ ಸಿಪಾಯಿಯೇ ಬಂದು, ಜನರೇಟರ್ ಶುರು ಮಾಡ್ತಾರೆ, ತಡೀರಿ ಎಂದ. ಆ ಸಂಜೆ ಸ್ವಂತ ಗಂಟಲಿನಿಂದ ಬಂದ ಸಂಭಾಷಣೆ ಅದೊಂದೇ. ಚಪ್ಪಾಳೆಯೂ ಅದಕ್ಕೇ ಜೋರಾಗಿ ಬಿತ್ತು.

ಗುರುವಾರದ ಪೀರಿಯಡ್ಡನ್ನು ಮರಳಿ ಕೊಡಿ ಎಂದು ಕೇಳುವಷ್ಟು ಉದ್ಧಟ ನಾನಲ್ಲ. ಗಣಿತದ ಸರ್ ಅವರೇ ಬರಲಿ. ಆದರೆ ಬಂದವರು ಒಂದು ಪಾತ್ರ ವಹಿಸಿಕೊಳ್ಳಲಿ. ಒಂಬತ್ತನೇ ತರಗತಿಯವರು ‘ವಸ್ತ್ರಾಪಹರಣ’ದ ತಾಲೀಮು ಮಾಡಬೇಕೆಂದಿದ್ದಾರಂತೆ, ಕಿತ್ತುಕೊಳ್ಳುವುದರಲ್ಲಿ ಕೈ ಪಳಗಿದವರು ಬೇಕಾಗಿದ್ದಾರೆ.

ಇತಿ ತಮ್ಮ ಕೃಪಾಕಾಂಕ್ಷಿ,
ಏಳನೇ ಪೀರಿಯಡ್ಡಿನ ಒಬ್ಬ ಪಾಲಕ, ಮೌದಾ