ನೋಟ ಸಾಹೇಬ್ರದು, ಏರು ಕಕ್ಷಿದಾರರದು

ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಯಿತು. ಕಚೇರಿಗಳು ಬಂದವು, ಅವುಗಳ ಹಿಂದೆ ಕಕ್ಷಿದಾರರು ಬಂದರು, ಕಕ್ಷಿದಾರರ ಹಿಂದೆ ಬೋರ್ಡುಗಳು ಬಂದವು. ಈಗ ಶಹಾಪುರ, ಸುರಪುರದ ಓಣಿಗಳಲ್ಲಿ ಅರ್ಧ ಪಡಸಾಲೆಗಳು ವಕೀಲರವು, ಇನ್ನರ್ಧ ಟ್ಯಾಕ್ಸ್ ಸಲಹೆಗಾರರವು. ಮನೆಯಲ್ಲೇ ಆಫೀಸು ತೆರೆಯುವವರಿಗೆ ಹಿತವಚನ ಬೇಕಲ್ಲ? ಈ ಕಸುಬಿನ ಹಿರಿಯ ತಲೆಯನ್ನೇ ಕಾಣೋಣವೆಂದು ಸುರಪುರದ ಗುಡ್ಡ ಹತ್ತಿದೆವು. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಕಟ್ಟಿಸಿದ ಟೇಲರ್ ಮಂಜಿಲ್ ಮಾತಿಗೆ ಸಿಕ್ಕಿತು.

ಮನೆಯೂ ನೀವೇ, ಕಚೇರಿಯೂ ನೀವೇ. ಹೇಗಿತ್ತು ಆ ಕಾಲ?

ಬರ್ರಿ, ಮೊದಲ ಉಸರು ಹಾಕ್ರಿ. ಸಾಹೇಬ್ರು ಸುರಪುರಕ್ಕ ಬಂದಿದ್ದು 1841ರಾಗ. ರಾಜಾ ವೆಂಕಟಪ್ಪ ನಾಯಕರು ಇನ್ನಾ ಸಣ್ಣ ಹುಡುಗ, ಸಂಸ್ಥಾನದ ಕಾರಭಾರ ಸಾಹೇಬ್ರ ಕೈಯಾಗ. ಅದರ ಜೋಡಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಗೆ ಸುದ್ದಿ ಬರೀಬೇಕು, ರಾಜನಕೋಳೂರಿನ ಹಳೇ ಕಲ್ಲುಗೋರಿ ನೋಡಿ ಅಳತಿ ಮಾಡಬೇಕು. ವರ್ಕ್ ಫ್ರಮ್ ಹೋಮ್ ಅಂಬೋದು 2020ರಾಗ ಹುಟ್ಟೇದ ಅಂತ ನಿಮ್ಮ ಹುಡುಗ್ರು ಅಂದಾಗ ನಗು ಬಂತ್ರಿ. ನಕ್ಕರ ಗಚ್ಚು ಉದುರ್ತದಂತ ಸುಮ್ಮನಾದೆ.

ಆಫೀಸಿಗೆ ಜಾಗ ಆರಿಸುವುದು ಹೇಗೆ?

ನನ್ನ ನೋಡಿ ಆರಿಸಬ್ಯಾಡ್ರಿ. ಇಲ್ಲಿ ಗಾಳಿ ಬರ್ತದ, ಕೆಳಗ ಊರೆಲ್ಲ ಕಾಣ್ತದ. ನೋಟ ಸಾಹೇಬ್ರದು, ಏರು ಕಕ್ಷಿದಾರರದು. ನಿಮ್ಮ ವಕೀಲರು ಗುಡ್ಡ ಹತ್ತಿಲ್ಲ ಖರೆ, ಆದ್ರ ಕೆಳಗಿನ ಮನಿ ಬಾಡಿಗಿಗೆ ಕೊಟ್ಟು ಮಾಳಿಗಿ ಮ್ಯಾಲೆ ಆಫೀಸ್ ಮಾಡ್ಯಾರ. ಮೊಳಕಾಲು ಬ್ಯಾನಿ ಇದ್ದ ಮುದುಕಿ ಪಹಣಿ ಹಿಡಕೊಂಡು ಹತ್ತಬೇಕು. ಅರ್ಧ ಮೆಟ್ಟಲಿಗೇ ರಾಜಿ ಆಗೋಣು ಅನಸ್ತದ ಆಕಿಗೆ.

ಬೋರ್ಡಿನ ವಿಷಯ?

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮದ ಪ್ರಕಾರ ವಕೀಲರ ಬೋರ್ಡು ಹದವಾದ ಅಳತೀದಿರಬೇಕು. ಸಂಘದ ಪದವಿ, ಇಂಥಾ ಕೇಸಿನ್ಯಾಗ ಪಂಟರು ಅಂಬೋದು, ಯಾವುದೂ ಬರೀಬಾರದು. ಪಾಪ, ಪಾಲಿಸ್ಯಾರ. ಬೋರ್ಡು ಸಣ್ಣದಾಗೇ ಅದ. ಉಳಿದದ್ದೆಲ್ಲ ಕಾರಿನ ಗಾಜಿನ ಮ್ಯಾಲೆ ಅದ.

ಟ್ಯಾಕ್ಸ್ ಸಲಹೆಗಾರರಿಗೆ?

ಅವರದು ಬ್ಯಾರೆ ಪಾಡು. ಜಿಎಸ್‌ಟಿ ನೋಂದಣಿಗೆ ಮನಿ ಅಪ್ಪನ ಹೆಸರಿಗಿದ್ರ ಅಪ್ಪನ ಒಪ್ಪಿಗಿ ಪತ್ರ ಬೇಕು, ಜೋಡಿ ಕರೆಂಟ್ ಬಿಲ್ಲೋ ಮನಿ ತೆರಿಗಿ ರಸೀದಿಯೋ ಹಚ್ಚಬೇಕು. ಸರ್ಕಾರ ಅಪ್ಪನ್ನ ಕೇಳ್ತದ. ಅವ್ವನ್ನ ಯಾರೂ ಕೇಳಂಗಿಲ್ಲ. ದಿನಾ ಇಪ್ಪತ್ತು ಕಪ್ ಚಹಾ ಮಾಡಾಕಿ ಮಾತ್ರ ಆಕಿನೇ.

ಒಳಗಿನ ಸಜ್ಜಿಕೆ ಹೇಗಿರಬೇಕು?

ಹೆಂಗದ ಅಂತ ಮೊದಲ ಕೇಳ್ರಿ. ವಕೀಲ ಸಾಹೇಬ್ರಿಗೆ ತಿರುಗೋ ಕುರ್ಚಿ. ಕೂಲರಿನ ಮುಖ ಅವರ ಕಡಿ. ಹಿಂದ ಗಾಜಿನ ಕಪಾಟಿನ್ಯಾಗ ಯಾರೂ ತೆರೀಲಾರದ ಕಾನೂನು ಪುಸ್ತಕ. ಮೇ ತಿಂಗಳ ಬಿಸಲಾಗ ಹುಣಸಗಿ, ಕೆಂಭಾವಿ ಬಸ್ ಇಳಿದು ಬಂದಾವ ಚಪ್ಪಲಿ ಹೊರಗ ಬಿಟ್ಟು, ಪ್ಲಾಸ್ಟಿಕ್ ಕುರ್ಚಿ ತುದೀಗೆ ಕೂಡ್ತಾನ. ಪೂರ್ತಿ ಕೂತ್ರ ಫೀ ಏರ್ತದೇನೋ ಅಂತ ಅಂವನ ಲೆಕ್ಕ. ನೀರು ಕೇಳಾಕ ನಾಚಿಕಿ. ಸಂಡಾಸ ಎಲ್ಲದ ಅಂತ ಕೇಳಾಕ ಅದಕ್ಕಿಂತ ನಾಚಿಕಿ, ಯಾಕಂದ್ರ ಅಡಿಗಿ ಮನಿ ದಾಟಿ ಹೋಗಬೇಕು. ಹೊರಗಿನ ಬಾಗಲದಿಂದ ಹೋಗೋ ಒಂದು ಸಂಡಾಸ, ಒಂದು ಕೊಡ ನೀರು, ಕೂಲರಿನ ಮುಖ ಅಂವನ ಕಡಿ. ಇಂಟೀರಿಯರ್ ಮುಗೀತು.

ಕಕ್ಷಿದಾರರ ಗುಟ್ಟು ಕಾಯುವ ಬಗೆ?

ರಾಜನಿಗೆ 24ನೇ ವರ್ಷ ದಾಟಂಗಿಲ್ಲ ಅಂತ ಜಾತಕದಾಗ ಇತ್ತಂತ. ಅವರ ತಾಯಿ ರಾಣಿ ಈಶ್ವರಮ್ಮ ಆ ಸಂಕಟ ಸಾಹೇಬ್ರ ಮುಂದ ತೋಡಿಕೊಂಡ್ರು. ಸಾಹೇಬ್ರು ಊರಾಗ ಡಂಗುರ ಹೊಡೀಲಿಲ್ಲ. ಜನ ಓದಿದ್ದು 1877ರಾಗ, ಅವರ ಆತ್ಮಕಥಿ ಅಚ್ಚಾದ ಮ್ಯಾಲೆ. ಆಗ ರಾಜರೂ ಇಲ್ಲ, ಸಾಹೇಬ್ರೂ ಇಲ್ಲ. ನಿಮ್ಮ ಪಡಸಾಲ್ಯಾಗ? ಒಬ್ಬಾಕಿ ಸೋಡಚೀಟಿ ಮಾತು ತೆಗೆದ್ರ ಪಕ್ಕದ ಕುರ್ಚಿಯಾಂವ ಟಿವಿ ಸಪ್ಪಳ ಕಡಿಮಿ ಮಾಡ್ತಾನ.

ಹಾಗಾದರೆ ಟೇಲರ್ ಸಾಹೇಬರೇ ಮಾದರಿ ಅನ್ನಿ!

ಅವಸರ ಮಾಡಬ್ಯಾಡ್ರಿ. ಜನ ಗುಡ್ಡ ಹತ್ತಿ ಬಂದ್ರಲ್ಲ, ಸ್ವಾಗತ ಚಲೋ ಇತ್ತಂತ ಬಂದಿಲ್ಲ. ಟೇಲರ್ ಸಾಹೇಬ್ರ ಸಹಿ ಇಲ್ದ ಕೆಲಸ ಆಗ್ತಿರಲಿಲ್ಲ, ಅದಕ್ಕ ಬಂದ್ರು. ವಕೀಲರೂ ಮುಂಜಾನಿಂದ ಕಾದು ಕುಂತ ಮಂದಿ ನೋಡಿ ತಮ್ಮ ಹೆಸರಿನ ತೂಕ ಅಂತ ಮೀಸಿ ತಿರುವ್ತಾರ. ಆ ಮಂದಿ ತಾರೀಖು ಸಿಗಲಾರದ ಕಾಯಾಕತ್ತಾರ.

ಇನ್ನ ಸಲಹೆಯ ಫಲ ಕೇಳ್ರಿ. ಸಾಹೇಬ್ರು 1853ರಾಗ ಬ್ಯಾರೆ ಊರಿಗೆ ಹೋದ್ರು. 1858ರಾಗ ರಾಜರು ಕಂಪನಿ ಸರ್ಕಾರದ ಮ್ಯಾಲೆ ಬಂಡೆದ್ದು ಜೀವ ಬಿಟ್ರು, ಜಾತಕದಾಗ ಇದ್ದ ವಯಸ್ಸಿಗೇ. 1860ರಾಗ ಸಂಸ್ಥಾನ ನಿಜಾಮರ ಪಾಲಾಯ್ತು. ಕಕ್ಷಿದಾರನ ರಾಜ್ಯ ಹೋಯ್ತು, ಜೀವ ಹೋಯ್ತು. ಆಫೀಸ್ ಮಾತ್ರ ಗಟ್ಟಿ ಅದ ನೋಡ್ರಿ, ಅದೂ ಸಲಹೆ ಕೊಟ್ಟವರ ಹೆಸರಿನ್ಯಾಗ.